ನಾಲ್ಕು ಕ್ಲೋರಿನ್ನೂ ನಮ್ಮ ಗಂಗಕ್ಕನೂ

ಹೊಸದಾಗಿ ಗಾರ್ಮೆಂಟ್ಸ್ ಸೇರುವ ನಮ್ಮ ಬೀದಿಯ ಹುಡುಗಿಯರು ನನ್ನನ್ನು ಕಂಡಾಗಲೆಲ್ಲ, "ಆಂಟಿ, ಫಿನಿಶಿಂಗ್ ಸೆಕ್ಷನ್ನಲ್ಲಿ ಕೆಲ್ಸ ಹೆಂಗಿರುತ್ತೆ?" ಎಂದು ಕೇಳುತ್ತಾರೆ. ನಿಂತು ಕೇಳಿಸಿಕೊಳ್ಳುವ ತಾಳ್ಮೆ ಅವರಿಗಿಲ್ಲ, ಚಿಕ್ಕದಾಗಿ ಹೇಳುವ ಅಭ್ಯಾಸ ನನಗಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ನಿವೃತ್ತಿಯ ದಿನ ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಶಾಲು ಚೆನ್ನಾಗಿತ್ತು, ಅದರ ಅಂಚಿನಲ್ಲಿ ಒಂದು ಎಣ್ಣೆ ಕಲೆ ಇತ್ತು, ಅಷ್ಟು ಸಾಕು.

ನಾನು ದೊಡ್ಡಬಳ್ಳಾಪುರದ ಒಂದು ಸೀರೆ ಮಿಲ್ಲಿನಲ್ಲಿ ಕಲೆ ತೆಗೆಯುವ ವಿಭಾಗ ನೋಡಿಕೊಳ್ಳುತ್ತಿದ್ದೆ. ಮಗ್ಗ ಎಂದ ಮೇಲೆ ಎಣ್ಣೆ ಇರುತ್ತದೆ, ಎಣ್ಣೆ ಎಂದ ಮೇಲೆ ಅದು ಸೀರೆಯ ಮೇಲೆ ಬೀಳುತ್ತದೆ, ಅದೂ ಗುರಿಯಿಟ್ಟು ಹೊಡೆದ ಹಾಗೆ ಸೆರಗಿನ ನಡುವಿಗೇ ಬೀಳುತ್ತದೆ. ಅದನ್ನು ತೆಗೆಯದೆ ಸೀರೆ ಅಂಗಡಿಗೆ ಹೋಗುವಂತಿಲ್ಲ. ನೀರು ತಾಗಿಸಿದರೆ ರೇಷ್ಮೆ ಸುಕ್ಕುಗಟ್ಟುತ್ತದೆ, ಜರಿ ಕಪ್ಪಾಗುತ್ತದೆ. ಅದಕ್ಕೇ ನಮ್ಮ ಕಾಲದಲ್ಲಿ ಸಿಟಿಸಿ ಎಂಬ ದ್ರವ ಬಳಸುತ್ತಿದ್ದೆವು. ಇದು ಕುಡಿಯುವ ಟೀ ಪುಡಿಯಲ್ಲ. ಕಾರ್ಬನ್ ಟೆಟ್ರಾಕ್ಲೋರೈಡ್. ಒಂದು ಇಂಗಾಲದ ಕಣಕ್ಕೆ ನಾಲ್ಕು ಕ್ಲೋರಿನ್ ಕಣಗಳು ಅಂಟಿಕೊಂಡಿರುವ ವಸ್ತು.

ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದ್ದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಆ ಕೆಲಸಕ್ಕೆ ಹಾಕಿದರು. ಕಾಲೇಜಿನಲ್ಲಿ ಈ ನಾಲ್ಕು ಕ್ಲೋರಿನ್ನಿನ ಸಂಸಾರವನ್ನು ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತಿದ್ದೆ. ಮಿಲ್ಲಿಗೆ ಬಂದ ಮೇಲೆ ಅವರ ಮನೆಯಲ್ಲೇ ಬಾಳಿದಂತಾಯಿತು. ಇಂಗಾಲದ ಜೊತೆ ಸೇರಿದರೆ ಕಲೆ ತೆಗೆಯುತ್ತದೆ. ತವರದ ಜೊತೆ ಸೇರಿದರೆ ರೇಷ್ಮೆಯ ತೂಕ ಹೆಚ್ಚಿಸುತ್ತದೆ. ಟೈಟಾನಿಯಂ ಜೊತೆ ಸೇರಿದರೆ ಗಾಳಿ ತಾಗಿದ ತಕ್ಷಣ ಬಿಳಿ ಹೊಗೆ ಬಿಡುತ್ತದೆ. ಗೋಡೆಯ ಬಿಳಿ ಬಣ್ಣ ತಯಾರಾಗುವುದೂ ಅದರ ದಾರಿಯಲ್ಲೇ. ಸಿಲಿಕಾನ್ ಜೊತೆ ಸೇರಿದ್ದರಿಂದ, ನೀವು ಈಗ ಫೋನಿನಲ್ಲಿ ರೀಲ್ಸ್ ನೋಡುತ್ತೀರಲ್ಲ, ಆ ಇಂಟರ್ನೆಟ್ಟಿನ ಗಾಜಿನ ಎಳೆ ಮಾಡುತ್ತಾರೆ. ಎರಡು ಇಂಗಾಲಕ್ಕೆ ನಾಲ್ಕು ಕ್ಲೋರಿನ್ ಸೇರಿದ್ದು ಪರ್ಕ್. ನೀವು ಸೇರುವ ಕಾರ್ಖಾನೆಯಲ್ಲಿ ಮುಚ್ಚಿದ ಯಂತ್ರದೊಳಗೆ ತಿರುಗುತ್ತಾ ಕೋಟುಗಳನ್ನು ಶುಚಿ ಮಾಡುತ್ತಿರುವುದು ಅದೇ. ಸಿಟಿಸಿಯನ್ನು ಸರ್ಕಾರದವರು ನಿಲ್ಲಿಸಿದ ಮೇಲೆ ಈ ತಂಗಿ ಬಂದಳು. ತಂಗಿಯೂ ಸಾಧ್ವಿಯೇನಲ್ಲ, ಆದರೆ ಅಕ್ಕನಷ್ಟು ಕೇಡಿಯಲ್ಲ. ಯಂತ್ರ ತಿರುಗುತ್ತಿರುವಾಗ ಬಾಗಿಲು ತೆರೆಯಬೇಡಿ, ವಾಸನೆ ಬಂದರೆ ಬಾಯಿ ಮುಚ್ಚಿಕೊಂಡು ಇರಬೇಡಿ.

ನಾನು ಮೊದಲ ದಿನ ಆ ಕೋಣೆಗೆ ಕಾಲಿಟ್ಟಾಗ ಒಳ್ಳೆಯ ಸಿಹಿ ವಾಸನೆ ಬಂತು. ನೆಲದ ಮೇಲೆ ಚಾಪೆ ಹಾಸಿಕೊಂಡು ಹೆಂಗಸರು ಸಾಲಾಗಿ ಕೂತಿದ್ದರು. ಪ್ರತಿಯೊಬ್ಬರ ಮಡಿಲಲ್ಲಿ ಸೀರೆ, ಪಕ್ಕದಲ್ಲಿ ಪಿಂಗಾಣಿ ಬಟ್ಟಲು, ಬಟ್ಟಲಲ್ಲಿ ಸಿಟಿಸಿ. ಹತ್ತಿ ಅದ್ದುವುದು, ಕಲೆಯ ಸುತ್ತ ಹೊರಗಿನಿಂದ ಒಳಕ್ಕೆ ಒರೆಸುವುದು, ಬಾಯಿಂದ ಊದಿ ಆರಿಸುವುದು. ಕೋಣೆಗೆ ಫ್ಯಾನ್ ಇತ್ತು, ಸೂರಿನ ಕೆಳಗೆ, ಗುಬ್ಬಚ್ಚಿಗಳಿಗೆ ಅನುಕೂಲವಾಗುವ ಎತ್ತರದಲ್ಲಿ.

ಸಾಲಿನ ತುದಿಯಲ್ಲಿ, ಗೋಡೆಗೆ ಒರಗಿ ಕೂತಿದ್ದವಳು ಗಂಗಮ್ಮ. ನಾನು ಗಂಗಕ್ಕ ಎನ್ನುತ್ತಿದ್ದೆ. ಕುಂದಾಣದ ಕಡೆಯವಳು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು, ಆ ಕೋಣೆಯ ಮಹಾರಾಣಿ. ಬೇರೆಯವರ ಕೈಯಲ್ಲಿ ಹೋಗದ ಕಲೆ ಅವಳ ಹತ್ತಿರ ಬರುತ್ತಿತ್ತು. ನಾನು ಪುಸ್ತಕದಲ್ಲಿ ಓದಿದ್ದನ್ನೆಲ್ಲ ಹೇಳಿ, ಇದು ವಿಷ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದಾಗ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಇಷ ಅಂದ್ರೆ ಇಲಿ ಸಾಯ್ಬೇಕಲ್ವಾ ಲಲ್ತಮ್ಮ? ಈ ರೂಮ್ನಾಗೆ ಇಲಿಗ್ಳು ಸಂಸಾರ ಮಾಡ್ಕೊಂಡವೆ."

ಎಲ್ಲರೂ ನಕ್ಕರು. ಮೂಗಿಗೆ ಬಟ್ಟೆ ಕಟ್ಟಿಕೊಂಡವರು ಯಾರೂ ಇಲ್ಲ. ಎಲೆಅಡಿಕೆ ಬಾಯಲ್ಲಿರುವಾಗ ಕಟ್ಟಿಕೊಳ್ಳುವುದಾದರೂ ಹೇಗೆ?

ಸಿಟಿಸಿಯ ಕೀರ್ತಿ ಮಿಲ್ಲಿನ ಗೇಟು ದಾಟಿ ಊರಿಗೂ ಹಬ್ಬಿತ್ತು. ಮದುವೆ ಮುಗಿದ ವಾರದಲ್ಲಿ ನೆಂಟರು, ನೆಂಟರ ನೆಂಟರು ಸೀರೆ ಸುತ್ತಿಕೊಂಡು ಬರುತ್ತಿದ್ದರು. ಸಿಟಿಸಿ ಎಣ್ಣೆ, ತುಪ್ಪ, ಮೇಣ, ಗ್ರೀಸನ್ನು ಕರಗಿಸುತ್ತದೆಯೇ ಹೊರತು ಸಾರು, ಅರಿಶಿನ, ಕಾಫಿಯನ್ನಲ್ಲ. ಇದನ್ನು ಎಷ್ಟು ಜನಕ್ಕೆ ಹೇಳಿದರೂ ಒಪ್ಪುತ್ತಿರಲಿಲ್ಲ. "ಕೆಲ್ಸ ಮಾಡಕ್ಕೆ ಮನಸ್ಸಿಲ್ಲ ಅನ್ನಿ" ಎಂದು ಮುಖ ತಿರುಗಿಸಿ ಹೋದವರಿದ್ದಾರೆ. ಸಾರು ಚೆಲ್ಲಿದ ಸೀರೆಯನ್ನು ಹಾಗೇ ವಾಪಸ್ ಒಯ್ದ ನನ್ನ ಸ್ವಂತ ನಾದಿನಿ ಆಮೇಲೆ ಒಂದು ಯುಗಾದಿ ನಮ್ಮ ಮನೆಗೆ ಬರಲಿಲ್ಲ. ಹೀಗಾಗಿ ಹುಣಸೆಹಣ್ಣಿನ ಸಾರಿನಿಂದ ನನಗೆ ಲಾಭವೂ ಆಗಿದೆ.

ಈಗ ನಮ್ಮ ಮ್ಯಾನೇಜರ್ ಶೇಷಗಿರಿ. ಅವರ ಬಗ್ಗೆ ಹೇಳದೆ ಮುಂದೆ ಹೋದರೆ ಅನ್ಯಾಯ. ಒಳ್ಳೆಯ ಮನುಷ್ಯ, ಯಾರಿಗೂ ಬೈದವರಲ್ಲ, ತಮಗೆ ಗೊತ್ತಿಲ್ಲದ ವಿಷಯ ಒಂದಿದೆ ಎಂದು ಒಪ್ಪಿದವರೂ ಅಲ್ಲ. ಸಿಟಿಸಿಗೆ ಬೆಂಕಿ ಹತ್ತುವುದಿಲ್ಲ, ಅದನ್ನು ಹಿಂದೆ ಬೆಂಕಿ ಆರಿಸಲೂ ಬಳಸುತ್ತಿದ್ದರು ಎಂದು ಎಲ್ಲೋ ಓದಿದ್ದರು. ಒಂದು ದಿನ ಇಸ್ತ್ರಿ ಮೇಜಿನ ಕಂಬಳಿಗೆ ಬೆಂಕಿ ಹತ್ತಿತು. ಒಂದು ಬಕೆಟ್ ನೀರಿನಲ್ಲಿ ಮುಗಿಯುವ ಬೆಂಕಿ. ಇವರು ಓಡಿ ಬಂದು ಗಂಗಕ್ಕನ ಬಟ್ಟಲು ಕಿತ್ತುಕೊಂಡು ಬೆಂಕಿಯ ಮೇಲೆ ಎರಚಿದರು. ಬೆಂಕಿ ಆರಿತು, ನಿಜ. ಆದರೆ ಸಿಟಿಸಿ ಕಾದರೆ ಹೊರಡುವ ಗಾಳಿಯನ್ನು ಒಂದು ಕಾಲದಲ್ಲಿ ಯುದ್ಧದಲ್ಲಿ ಶತ್ರುಗಳ ಮೇಲೆ ಬಿಡುತ್ತಿದ್ದರು. ಇಡೀ ವಿಭಾಗ ಕೆಮ್ಮುತ್ತಾ ಕಣ್ಣುಜ್ಜಿಕೊಳ್ಳುತ್ತಾ ಗೇಟಿನ ಹೊರಗೆ ಓಡಿತು. ಶೇಷಗಿರಿಯವರೂ ಹುಣಸೆಮರದ ಕೆಳಗೆ ಕೂತು ಕೆಮ್ಮುತ್ತಿದ್ದರು. ಕೆಮ್ಮಿನ ಮಧ್ಯೆ, "ನೋಡಿದ್ರೇನಮ್ಮಾ, ಹೆಂಗೆ ಆರ್ಹೋಯ್ತು!" ಎಂದು ನನ್ನನ್ನು ಕೇಳಿದರು. ಅವರ ಮುಖದಲ್ಲಿದ್ದ ಸಂತೋಷ ನೋಡಿ ಬೈಯಲು ಮನಸ್ಸಾಗಲಿಲ್ಲ, ದನಿಯೂ ಹೊರಡಲಿಲ್ಲ.

ನಮ್ಮ ಓನರ್ ಕಥೆ ಇದಕ್ಕಿಂತ ಮೇಲು. ರೇಷ್ಮೆಯ ನೂಲನ್ನು ಸೋಪಿನಲ್ಲಿ ಕುದಿಸಿ ಅಂಟು ತೆಗೆದಾಗ ತೂಕ ಇಳಿದುಹೋಗುತ್ತದೆ. ಹಾಗೆ ಇಳಿದದ್ದು ಅವರಿಗೆ ಸ್ವಂತ ಮೈಯಿಂದ ಮಾಂಸ ಇಳಿದಷ್ಟು ಸಂಕಟ. ಯಾರೋ ಅವರ ಕಿವಿಗೆ ತವರದ ಟೆಟ್ರಾಕ್ಲೋರೈಡಿನ ಮಾತು ಹಾಕಿದರು. ನೂಲನ್ನು ಅದರ ನೀರಿನಲ್ಲಿ ಅದ್ದಿ, ಆಮೇಲೆ ಇನ್ನೆರಡು ಲವಣದಲ್ಲಿ ಅದ್ದಿದರೆ ತವರ ನೂಲಿನೊಳಗೇ ಕೂತು, ಹೋದ ತೂಕವೆಲ್ಲ ವಾಪಸ್ ಬರುತ್ತದೆ. ಸೀರೆ ಕೈಗೆ ಭಾರವಾಗಿ, ಸೊಗಸಾಗಿ ಮಡಿಕೆ ಬೀಳುತ್ತದೆ. ಇದು ಹಳೆಯ ವಿದ್ಯೆಯೇ, ಹದವಾಗಿ ಮಾಡಿದರೆ ತಪ್ಪೇನಿಲ್ಲ. ನಮ್ಮವರಿಗೆ ಹದ ಎಂಬ ಮಾತು ಊಟದಲ್ಲೂ ಗೊತ್ತಿರಲಿಲ್ಲ.

ಒಂದು ಡ್ರಮ್ಮು ತರಿಸಿದರು. ಅದರ ಮುಚ್ಚಳ ತೆರೆದಿದ್ದು ಜಡಿಮಳೆಯ ದಿನ. ಒದ್ದೆ ಗಾಳಿ ಕಂಡರೆ ಆ ದ್ರವ ಬುಸುಬುಸು ಹೊಗೆ ಕಾರುತ್ತದೆ. ಓನರ್ ಬಿಳಿ ಹೊಗೆಯ ನಡುವೆ ನಿಂತು, "ನಿಲ್ಸಿ, ನಿಲ್ಸಿ, ಮಾಲೆಲ್ಲಾ ಗಾಳಿಗೆ ಹೋಗ್ತಾ ಐತೆ!" ಎಂದು ಕೂಗಿಕೊಂಡರು. ನಾನು ಅಳತೆ ಹೇಳಿದೆ. ಅವರು ಅದರ ಮೇಲೆ ಇನ್ನಷ್ಟು ಹಾಕಿಸಿದರು, ಇನ್ನೂ ಒಂದು ಸುತ್ತು ಅದ್ದಿಸಿದರು. ಸೀರೆಗಳು ಕಬ್ಬಿಣದ ತಗಡಿನಂತೆ ತೂಗಿದವು. ಮೊದಲ ಸೀರೆಯನ್ನು ಅಭಿಮಾನದಿಂದ ಹೆಂಡತಿಗೇ ಕೊಟ್ಟರು. ಆ ಮಹಾತಾಯಿ ಅದನ್ನು ಬೀರುವಿನಲ್ಲಿ ಮಡಿಸಿಟ್ಟು, ಮುಂದಿನ ಬೇಸಿಗೆಯಲ್ಲಿ ಮೊಮ್ಮಗುವಿನ ನಾಮಕರಣಕ್ಕೆ ಉಟ್ಟರು. ಅತಿಯಾಗಿ ತವರ ಕುಡಿದ ರೇಷ್ಮೆ ಕಾಲ ಕಳೆದಂತೆ ಮಡಿಕೆಯಲ್ಲೇ ಸೀಳುತ್ತದೆ. ಪುರೋಹಿತರು "ಮಗುವನ್ನ ತೊಟ್ಟಿಲಿಗೆ ಹಾಕಮ್ಮ" ಎಂದಾಗ ಇವರು ಬಗ್ಗಿದರು. ಸೀರೆ ಮಡಿಕೆ ಮಡಿಕೆಯಲ್ಲೂ ಹಪ್ಪಳ ಮುರಿದ ಹಾಗೆ ಬಿಟ್ಟುಕೊಂಡಿತು. ಮಾರನೆಯ ದಿನ ತವರದ ಡ್ರಮ್ಮು ಗೋದಾಮಿನ ಹಿಂದಕ್ಕೆ ಹೋಯಿತು. ಆ ವಿಷಯದಲ್ಲಿ ಓನರ್ ಮತ್ತೆ ಯಾರ ಸಲಹೆಯನ್ನೂ ಕೇಳಲಿಲ್ಲ. ಹೆಂಡತಿ ಹೇಳಿದ್ದೇ ಸಾಕಾಗಿತ್ತು ಎಂದು ಕಾಣುತ್ತದೆ.

ಇಷ್ಟೆಲ್ಲ ನಗುವ ಕಥೆ. ಅದೇ ಹೊತ್ತಿನಲ್ಲಿ ಗಂಗಕ್ಕನ ಮನೆಯಲ್ಲಿ ನಗು ನಿಂತುಹೋಗಿತ್ತು.

ಆ ಕೋಣೆಯಲ್ಲಿ ದಿನವಿಡೀ ಕೂತರೆ ಸಂಜೆಗೆ ತಲೆ ಹಗುರಾಗುತ್ತದೆ. ಕಾಲು ಒಂದು ಕಡೆ ಇಟ್ಟರೆ ಇನ್ನೊಂದು ಕಡೆ ಬೀಳುತ್ತದೆ, ಮಾತು ತೊದಲುತ್ತದೆ. ಹೊರಗೆ ಗಾಳಿಗೆ ಬಂದು ಸ್ವಲ್ಪ ಹೊತ್ತಾದರೆ ಸರಿಹೋಗುತ್ತದೆ. ಆದರೆ ಗಂಗಕ್ಕ ಕೆಲಸ ಬಿಟ್ಟವಳೇ ಬಸ್ಸಿಗೆ ಓಡಬೇಕು. ಕಿಕ್ಕಿರಿದ ಬಸ್ಸಿನಲ್ಲಿ ನಿಂತು, ಊರಿಗೆ ತಿರುಗುವ ರಸ್ತೆಯ ಬಾಯಲ್ಲಿರುವ ಗೇಟ್ ಸ್ಟಾಪಿನಲ್ಲಿ ಇಳಿಯುವಾಗ ತೂರಾಡುತ್ತಿದ್ದಳು. ಸೀರೆಯಿಂದ ಸಿಹಿಯಾದ ಏನೋ ವಾಸನೆ. ಕಣ್ಣು ಕೆಂಪು. ಗೇಟಿನ ಟೀ ಅಂಗಡಿಯಲ್ಲಿ ಕೂತವರಿಗೆ ಇನ್ನೇನು ಬೇಕು? ಗಂಗಮ್ಮ ಕುಡಿಯುತ್ತಾಳೆ ಎಂದು ತೀರ್ಮಾನವಾಯಿತು.

ಅವಳ ಗಂಡ ಸಾಧು, ತೋಟದಲ್ಲಿ ಗುಲಾಬಿ, ಸೇವಂತಿಗೆ ಬೆಳೆದುಕೊಂಡಿದ್ದವನು, ಅಣ್ಣನ ಎದುರು ಬಾಯಿ ಬಿಡುತ್ತಿರಲಿಲ್ಲ. ಮನೆಯ ಯಜಮಾನಿಕೆ ಆ ಅಣ್ಣ ಮುನಿಯಪ್ಪನವರದು, ಗಂಗಕ್ಕನಿಗೆ ಬಾವ. ಊರಮ್ಮನ ಹಬ್ಬದಲ್ಲಿ ಪ್ರತಿ ಮನೆಯಿಂದ ಒಬ್ಬ ಹೆಂಗಸು ತಂಬಿಟ್ಟಿನ ಆರತಿ ಹೊರಬೇಕು. ಅಕ್ಕಿಹಿಟ್ಟು, ಬೆಲ್ಲ ಕಲಸಿ ಮಾಡಿದ ತಂಬಿಟ್ಟಿನ ಮೇಲೆ ದೀಪ ಹಚ್ಚಿ, ಹೂವು ಸುತ್ತಿ, ತಲೆಯ ಮೇಲೆ ಹೊತ್ತು ತಮಟೆಯ ಹಿಂದೆ ಗುಡಿಗೆ ನಡೆಯುವುದು. ಓರಗಿತ್ತಿಗೆ ಮಂಡಿ ನೋವು ಬಂದ ಮೇಲೆ ಆ ಮನೆಯ ಆರತಿ ಗಂಗಕ್ಕನದಾಗಿತ್ತು. ಸೀರೆಯ ಕಲೆ ತೆಗೆಯುವುದರಲ್ಲಿ ತಾನು ಮಹಾರಾಣಿ ಎಂದು ಅವಳು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಆರತಿಯ ವಿಷಯ ಮಾತ್ರ ಹಬ್ಬಕ್ಕೆ ಒಂದು ತಿಂಗಳ ಮುಂಚೆಯೇ ಶುರುಮಾಡುತ್ತಿದ್ದಳು, ಹಬ್ಬ ಕಳೆದ ತಿಂಗಳವರೆಗೂ ಬಿಡುತ್ತಿರಲಿಲ್ಲ. ನಮಗೆಲ್ಲ ಅದು ಬಾಯಿಪಾಠವಾಗಿತ್ತು.

ಆ ವರ್ಷ ಹಬ್ಬ ಮುಗಿದು ಕೆಲಸಕ್ಕೆ ಬಂದವಳು ಬಟ್ಟಲು ಮುಂದಿಟ್ಟುಕೊಂಡು ಸುಮ್ಮನೆ ಕೂತಳು.

"ಏನ್ ಗಂಗಕ್ಕ, ಈ ಸಲ ದೀಪ ಗುಡಿ ತನ್ಕ ಆರಲಿಲ್ವಾ?" ಎಂದು ಕೇಳಿದೆ.

"ನಾನ್ ಹೊರ್ಲಿಲ್ಲ ಕಣಮ್ಮ."

"ಯಾಕೆ?"

"ಕುಡಿಯೋಳ ತಲೆ ಮ್ಯಾಲೆ ಅಮ್ನೋರ್ ದೀಪ ಇಕ್ಕಂಗಿಲ್ಲ ಅಂದ್ಬುಟ್ರು ನಮ್ ಬಾವ. ಜನದ್ ಮುಂದೆ. ಚಿಕ್ಕ ಹುಡ್ಗಿ, ಅವ್ರ ಮಗ್ಳ ತಲೆ ಮ್ಯಾಲೆ ಇಕ್ಕಿದ್ರು."

ನನಗೆ ಮೈ ಉರಿದುಹೋಯಿತು. "ಇದು ಕೆಲಸದ ಔಷಧಿ ವಾಸನೆ ಅಂತ ಹೇಳ್ಬಾರ್ದಾ?"

"ಯೋಳ್ದೆ. ಕುಡಿಯೋರೆಲ್ಲಾ ಅಂಗೇ ಯೋಳೋದು ಅಂದ್ರು."

ಕೇಳಿದರೆ ಸರಿಯಾದ ಮಾತಿನಂತೆಯೇ ಇತ್ತು, ಅದೇ ಕಷ್ಟ.

ಅದಾದ ಸ್ವಲ್ಪ ದಿನಕ್ಕೆ ಅವಳ ಕಣ್ಣು ಹಳದಿಯಾಯಿತು. ಕಾಮಾಲೆ. ಈ ಸೀಮೆಯಲ್ಲಿ ಕಾಮಾಲೆ ಎಂದರೆ ಆಸ್ಪತ್ರೆಗೆ ಹೋಗುವ ಪದ್ಧತಿಯೇ ಇಲ್ಲ. ಭಾನುವಾರ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನಾಟಿ ಔಷಧಿ ಕುಡಿದು, ಉಪ್ಪು ಎಣ್ಣೆ ಬಿಟ್ಟು, ಮನೆಯಲ್ಲಿ ಮಲಗಬೇಕು. ಗಂಗಕ್ಕ ಹಾಗೇ ಮಾಡಿದಳು, ಗುಣವಾಯಿತು. ಔಷಧಿಯಿಂದ ಎಂದು ಅವಳು. ಆ ಕೋಣೆಗೆ ಬರದೆ ಮನೆಯಲ್ಲಿದ್ದಳಲ್ಲ, ಅದರಿಂದ ಎಂದು ನಾನು. ಗುಣವಾದ ಮೇಲೆ ಮತ್ತೆ ಬಂದು ಅದೇ ಚಾಪೆಯ ಮೇಲೆ ಕೂತಳು. ಅವಳ ಪಕ್ಕದವಳಿಗೂ ಕಾಮಾಲೆಯಾಗಿ ಅವಳೂ ಅದೇ ಔಷಧಿ ಕುಡಿದು ಬಂದಳು. ಶೇಷಗಿರಿಯವರು ಇದೆಲ್ಲ ಕೆಟ್ಟ ನೀರಿನಿಂದ ಎಂದು ಕ್ಯಾಂಟೀನಿನ ನೀರಿನ ತೊಟ್ಟಿ ತೊಳೆಸಿದರು. ಎರಡು ಸಲ ತೊಳೆಸಿದರು. ಆ ತೊಟ್ಟಿಯಷ್ಟು ಶುಚಿಯಾದ ತೊಟ್ಟಿ ಇಡೀ ತಾಲ್ಲೂಕಿನಲ್ಲಿ ಇರಲಿಲ್ಲ. ಗಂಗಕ್ಕನನ್ನು ಬೇರೆ ಕೆಲಸಕ್ಕೆ ಹಾಕಿ ಎಂದು ನಾನು ಕೇಳಿದರೆ, "ಅವಳನ್ನ ಎಬ್ಬಿಸಿದ್ರೆ ಸೆರಗಿನ ಕಲೆ ನೀವು ತೆಗೀತೀರೇನಮ್ಮಾ?" ಎಂದು ನನ್ನನ್ನೇ ಕೇಳಿದರು. ಗಂಗಕ್ಕನೂ ಏಳಲು ಒಪ್ಪಲಿಲ್ಲ. ಊರಲ್ಲಿ ಮರ್ಯಾದೆ ಹೋಗಿರುವಾಗ ಅವಳಿಗೆ ಮರ್ಯಾದೆ ಉಳಿದಿದ್ದ ಜಾಗ ಆ ಚಾಪೆಯೊಂದೇ.

ಆ ಹೊತ್ತಿಗೆ, ಸೀರೆಯ ಜೊತೆ ನಾವು ನೇಯುತ್ತಿದ್ದ ರೇಷ್ಮೆ ಬಟ್ಟೆ ಕೊಳ್ಳುವ ಹೊರದೇಶದ ಕಂಪನಿಯವರು ತಪಾಸಣೆಗೆ ಒಬ್ಬರನ್ನು ಕಳಿಸಿದರು. ಹೊಸೂರಿನ ಕಡೆಯ ಮನುಷ್ಯ, ತಮಿಳು ಬೆರೆತ ಕನ್ನಡ. ಅವರ ಹತ್ತಿರ ಪೆನ್ನಿನಷ್ಟು ಉದ್ದದ ಗಾಜಿನ ನಳಿಕೆ ಇತ್ತು, ಅದರೊಳಗೆ ಟೈಟಾನಿಯಂ ಟೆಟ್ರಾಕ್ಲೋರೈಡ್. ತುದಿ ಮುರಿದು ರಬ್ಬರ್ ಬುರುಡೆ ಒತ್ತಿದರೆ ಬಿಳಿ ಹೊಗೆಯ ಎಳೆ ಬರುತ್ತದೆ. ಗಾಳಿ ಹೋದ ಕಡೆ ಹೊಗೆ ಹೋಗುತ್ತದೆ, ಗಾಳಿಯೇ ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ.

ಅವರು ಮೊದಲು ನಿಂತುಕೊಂಡು ಒತ್ತಿದರು. ಹೊಗೆ ಮೇಲಕ್ಕೇರಿ ಫ್ಯಾನಿನ ಕಡೆ ಹೋಯಿತು. ಶೇಷಗಿರಿಯವರು ತಮ್ಮ ಮಗ ಫಸ್ಟ್ ಕ್ಲಾಸ್ ಬಂದಷ್ಟು ಬೀಗಿದರು. ಆಮೇಲೆ ಆ ಮನುಷ್ಯ ಪ್ಯಾಂಟು ಮಣ್ಣಾಗುವುದನ್ನೂ ನೋಡದೆ ಗಂಗಕ್ಕನ ಚಾಪೆಯ ಪಕ್ಕ ಮಂಡಿಯೂರಿ ಕೂತು, ಅವಳ ಮಡಿಲಿನ ಎತ್ತರದಲ್ಲಿ ಒತ್ತಿದರು. ಹೊಗೆ ಮೇಲೇಳಲಿಲ್ಲ. ಅವಳ ಸೀರೆಯ ಮೇಲೆ, ಬಟ್ಟಲಿನ ಸುತ್ತ, ಮುಖದ ಮುಂದೆ ಹಾಗೇ ನಿಂತಿತು. ಸಿಟಿಸಿಯ ಆವಿ ಗಾಳಿಗಿಂತ ಬಹಳ ಭಾರ. ಅದು ಸೂರಿನ ಫ್ಯಾನನ್ನು ಹುಡುಕಿಕೊಂಡು ಮೇಲೆ ಹೋಗುವುದಿಲ್ಲ, ನೆಲದಲ್ಲೇ ತುಂಬಿಕೊಳ್ಳುತ್ತದೆ. ನಾವು ಮೇಜು ಹಾಕಿ ನಿಂತು ಕೆಲಸ ಮಾಡುವವರಾಗಿದ್ದರೆ ಅಷ್ಟು ಕೇಡಾಗುತ್ತಿರಲಿಲ್ಲವೇನೋ. ಸೀರೆಯ ಕೆಲಸವನ್ನು ನೆಲಕ್ಕೆ ಕೂತೇ ಮಾಡಬೇಕು ಎಂಬುದು ನಮ್ಮ ಹಳೆಯ ರೂಢಿ. ಹಾಗಾಗಿ ಬಾವಿಯ ತಳದಲ್ಲಿ ಕೂತು ಬಾವಿಯ ಬಾಯಲ್ಲಿ ಫ್ಯಾನ್ ತಿರುಗಿಸಿದಂತಾಗಿತ್ತು.

"ಅಮ್ಮಾ, ಇಂಗೇ ನಿಂತ್ಕಂಡ್ಬುಟ್ಟೈತಲ್ಲ" ಎಂದಳು ಗಂಗಕ್ಕ. ಅವಳ ದನಿಯಲ್ಲಿ ಮೊದಲ ಸಲ ಹೆದರಿಕೆ ಕೇಳಿಸಿತು.

ಗೋಡೆಯ ಬುಡದಲ್ಲಿ ಕಿಂಡಿ ಕೊರೆದು ಫ್ಯಾನ್ ಹಾಕಿ ಎಂದು ಬಂದವರು ಹೇಳಿ ಹೋದರು. ಕಿಂಡಿ ಕೊರೆಯಬಹುದಾದ ಹೊರಗೋಡೆ ಒಂದೇ. ಅದು ಈಶಾನ್ಯ ಮೂಲೆಯದು. ಈಶಾನ್ಯದಲ್ಲಿ ಬುಡಕ್ಕೆ ತೂತು ಕೊರೆದರೆ ಲಕ್ಷ್ಮಿ ಅದೇ ತೂತಿನಿಂದ ಹೊರಗೆ ಹೋಗುತ್ತಾಳೆ ಎಂದು ಶೇಷಗಿರಿಯವರ ವಾಸ್ತುವಿನವರು ಹೇಳಿದರು. ನಾನು, ಲಕ್ಷ್ಮಿ ಒಳಗೇ ಇದ್ದರೆ ಅವಳಿಗೂ ಕಾಮಾಲೆಯಾಗುತ್ತದೆ ಎಂದೆ. ಅವರಿಗೆ ಅದು ತಮಾಷೆ ಅನ್ನಿಸಲಿಲ್ಲ. ಕೊನೆಗೆ ಬಾಗಿಲಿಗೆ ಒಂದು ಬೂದುಗುಂಬಳಕಾಯಿ ಕಟ್ಟಿಸಿದರು, ಮೇಲಿನ ಫ್ಯಾನಿಗೆ ಹೊಸ ಬಣ್ಣ ಬಳಿಸಿದರು. ತಪಾಸಣೆಯವರಿಗೆ "ಸೂಕ್ತ ಕ್ರಮ ಕೈಗೊಳ್ಳಲಾಗಿದೆ" ಎಂದು ಉತ್ತರ ಹೋಯಿತು. ಹುಡುಗಿಯರೇ, ಈ ಮೂರು ಪದಗಳನ್ನು ಎಲ್ಲೇ ಓದಿದರೂ ಬಾಗಿಲಲ್ಲಿ ಕುಂಬಳಕಾಯಿ ಇದೆಯೇ ಎಂದು ಒಮ್ಮೆ ನೋಡಿ.

ಕುಂಬಳಕಾಯಿ ಕೊಳೆಯುವ ಮೊದಲೇ ಗಂಗಕ್ಕ ಬಿದ್ದಳು. ಈ ಸಲ ನಾಟಿ ಔಷಧಿಗೆ ಜಗ್ಗಲಿಲ್ಲ. ಕಣ್ಣು, ಉಗುರು, ಅಂಗೈ ಎಲ್ಲ ಅರಿಶಿನ. ಹೊಟ್ಟೆ ಊದಿಕೊಂಡಿತು, ಮೂತ್ರ ಕಟ್ಟಿತು. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಹಾಕಿದರು. ಅವಳು ಅಲ್ಲಿರುವಾಗಲೇ ಶೇಷಗಿರಿಯವರಿಗೆ ಹೆದರಿಕೆ ಹತ್ತಿ, ಅದೇ ವಾಸ್ತುವಿನವರನ್ನು ಮತ್ತೆ ಕರೆಸಿ, ದೋಷ ಎಲ್ಲಿದೆ ನೋಡಿ ಎಂದು ಆ ಕೋಣೆಯಲ್ಲಿ ಮಣೆ ಹಾಕಿ ಕೂರಿಸಿದರು. ಅವರು ನೆಲದಲ್ಲಿ ಕೂತು ಮಂಡಲ ಬರೆದು ಮಂತ್ರ ಹೇಳತೊಡಗಿದರು. ಅರ್ಧಕ್ಕೆ ನಾಲಗೆ ತೊದಲಿತು. ಎದ್ದವರು ಬಾಗಿಲು ಹಿಡಿದುಕೊಂಡು, "ಇಲ್ಲಿ ವಾಯುವಿಗೆ ತಡೆ ಇದೆ, ತಕ್ಷಣ ಕೆಳಗೆ ದಾರಿ ಮಾಡಿ" ಎಂದು ಹೇಳಿ ಹೊರಗೆ ಹೋಗಿ ವಾಂತಿ ಮಾಡಿಕೊಂಡರು. ಮಾರನೆಯ ದಿನವೇ ಗೋಡೆ ಒಡೆದರು. ನನ್ನ ವೃತ್ತಿಜೀವನದಲ್ಲಿ ಇಷ್ಟು ಬೇಗ ಮುಗಿದ ಕೆಲಸ ಇನ್ನೊಂದಿಲ್ಲ.

ಆ ಭಾನುವಾರ ನಾನು ಆಸ್ಪತ್ರೆಗೆ ಹೋದೆ. ದೊಡ್ಡ ವಾರ್ಡು, ಎರಡೂ ಕಡೆ ಹಾಸಿಗೆ. ಗಂಗಕ್ಕ ಕಣ್ಣು ಮುಚ್ಚಿಕೊಂಡು ಮಲಗಿದ್ದಳು. ಅವಳ ಗಂಡ ಔಷಧಿ ತರಲು ಕೆಳಗೆ ಹೋಗಿದ್ದ. ಮುನಿಯಪ್ಪನವರು ಕಾಲ ಬಳಿ ಬಿಳಿ ಪಂಚೆಯಲ್ಲಿ ನಿಂತಿದ್ದರು. ಬಂದ ಡಾಕ್ಟರೆಲ್ಲ ಹೊಟ್ಟೆ ಒತ್ತಿ ನೋಡಿ ಮೊದಲು ಕೇಳಿದ್ದು ಒಂದೇ, ಇವರು ಕುಡೀತಾರಾ ಎಂದು. ಅವಳು ಇಲ್ಲ ಎಂದು ತಲೆ ಆಡಿಸಿದ್ದಳು. ಬಾವ ಹೌದು ಎಂದು ತಲೆ ಆಡಿಸಿದ್ದರು. ಡಾಕ್ಟರುಗಳು ನಿಂತಿದ್ದವರ ತಲೆಯನ್ನೇ ನಂಬಿದ್ದರು. ಇದೆಲ್ಲ ಪಕ್ಕದ ಹಾಸಿಗೆಯ ಹೆಂಗಸು ನನಗೆ ಹೇಳಿದ್ದು. ಇಡೀ ವಾರ್ಡಿಗೆ ಗಂಗಕ್ಕ ಆಗಲೇ ಕುಡುಕಿ.

ಅಷ್ಟರಲ್ಲಿ ಹೊಸ ಡಾಕ್ಟರಮ್ಮ ಒಬ್ಬಳು ಬಂದಳು, ಇನ್ನೂ ಚಿಕ್ಕ ವಯಸ್ಸು, ನಿದ್ದೆಗೆಟ್ಟ ಮುಖ. ಅವಳೂ ಹೊಟ್ಟೆ ಒತ್ತಿದಳು. ಆಮೇಲೆ ಗಂಗಕ್ಕನ ಕೈ ಹಿಡಿದು ಬೆರಳುಗಳನ್ನು ತಿರುಗಿಸಿ ನೋಡಿದಳು. ಬೆರಳ ತುದಿಗಳು ಬಿಳಿಚಿ ಒಡೆದಿದ್ದವು, ಜಿಡ್ಡೆಲ್ಲ ಹೋಗಿ ಸುಣ್ಣದ ಹಾಗೆ.

"ಏನ್ ಕೆಲ್ಸ ಮಾಡ್ತಾರೆ ಇವ್ರು?" ಎಂದು ಕೇಳಿದಳು.

ಅಷ್ಟು ದಿನದಲ್ಲಿ ಆ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ನಾನು ಹೇಳಿದೆ. ಸೀರೆಯ ಎಣ್ಣೆ ಕಲೆ, ಬಟ್ಟಲು, ಚಾಪೆ, ಕಾರ್ಬನ್ ಟೆಟ್ರಾಕ್ಲೋರೈಡ್. ಹೆಸರು ಕೇಳಿದ ಕೂಡಲೇ ಅವಳ ನಿದ್ದೆ ಹಾರಿಹೋಯಿತು. ಎಷ್ಟು ವರ್ಷ, ಸಂಜೆ ತಲೆ ತಿರುಗುತ್ತಾ, ನಡೆಯುವಾಗ ತೂರಾಡುತ್ತಾರಾ ಎಂದು ಒಂದೊಂದೇ ಕೇಳಿ ಬರೆದುಕೊಂಡಳು.

"ಇದು ಕುಡಿತದಿಂದ ಆಗಿರೋದಲ್ಲ" ಎಂದಳು ಮುನಿಯಪ್ಪನವರ ಕಡೆ ತಿರುಗಿ. "ಆ ಕೆಮಿಕಲ್ ಲಿವರ್ನೂ ಕಿಡ್ನಿನೂ ಹಾಳು ಮಾಡಿದೆ. ತೂರಾಡೋದೂ ಅದರಿಂದಾನೇ. ಈ ಸಲ ಉಳ್ಕೋತಾರೆ ಅನ್ಸುತ್ತೆ. ಮತ್ತೆ ಆ ರೂಮಿಗೆ ಹೋದ್ರೆ ನಾನು ಜವಾಬ್ದಾರಿ ಅಲ್ಲ."

ಗಂಗಕ್ಕ ಕಣ್ಣು ಬಿಟ್ಟಳು.

"ಇನ್ನೊಂದ್ಸಲ ಯೋಳವ್ವ" ಎಂದಳು. "ನಮ್ ಬಾವಂಗೆ ಕಿವಿ ವಸಿ ಮಂದ."

ಮುನಿಯಪ್ಪನವರ ಕಿವಿ ಚೆನ್ನಾಗಿಯೇ ಇತ್ತು. ಡಾಕ್ಟರಮ್ಮನಿಗೆ ಏನು ಅರ್ಥವಾಯಿತೋ, ವಾರ್ಡಿನ ಆ ತುದಿಗೂ ಕೇಳುವ ಹಾಗೆ ದನಿಯೆತ್ತಿ, "ಇವರು ಕುಡಿಯಲ್ಲ! ಕೆಲಸದ ಕೆಮಿಕಲ್ಲಿಂದ ಆಗಿರೋ ಕಾಯಿಲೆ!" ಎಂದಳು. ಹಾಸಿಗೆ ಹಾಸಿಗೆಯಲ್ಲೂ ತಲೆಗಳು ಇತ್ತ ತಿರುಗಿದವು.

ಮುನಿಯಪ್ಪನವರು ತಲೆ ತಗ್ಗಿಸಿ ನಿಂತಿದ್ದರು. ಕೆಟ್ಟ ಮನುಷ್ಯರಲ್ಲ, ಮನೆತನ ಎಂದರೆ ಪ್ರಾಣ ಬಿಡುವವರು, ಅಷ್ಟೇ. ಡಾಕ್ಟರಮ್ಮ, ರಕ್ತ ಬೇಕಾಗಬಹುದು, ಮನೆಯವರು ಯಾರು ಕೊಡುತ್ತೀರಿ ಎಂದಾಗ ತಕ್ಷಣ ತೋಳು ಮುಂದೆ ಚಾಚಿದರು.

"ಎಷ್ಟ್ ಬೇಕಾದ್ರೂ ತಕ್ಕಳಿ."

"ನಿನ್ನೆ ಇವತ್ತು ಡ್ರಿಂಕ್ಸ್ ತಗೊಂಡಿದೀರಾ?"

ಅವರು ಕಿಟಕಿಯ ಕಡೆ ನೋಡಿದರು. "ರಾತ್ರಿ... ವಸಿ. ಮೈಕೈ ನೋವಿತ್ತು."

"ಹಾಗಾದ್ರೆ ಇವತ್ತು ಆಗಲ್ಲ" ಎಂದು ಅವಳು ಬರೆದುಕೊಂಡು ಮುಂದಿನ ಹಾಸಿಗೆಗೆ ಹೊರಟಳು. ಮುನಿಯಪ್ಪನವರು ಅವಳ ಹಿಂದೆಯೇ ಎರಡು ಹೆಜ್ಜೆ ಹೋಗಿ, ಮೂರು ತಿಂಗಳಿಗೆ ಊರಮ್ಮನ ಹಬ್ಬ, ಅಷ್ಟರಲ್ಲಿ ಇವಳು ತಲೆಯ ಮೇಲೆ ಆರತಿ ಹೊರಬಹುದೇ ಎಂದು ಕೇಳಿದರು. ಒಂದು ವರ್ಷ ಯಾವ ಭಾರವನ್ನೂ ಹೊರುವಂತಿಲ್ಲ ಎಂದಳು ಅವಳು.

ಅವರು ವಾಪಸ್ ಬಂದು ಹಾಸಿಗೆಯ ಅಂಚಿನಲ್ಲಿ ಕೂತರು. ತಮ್ಮನ ಹೆಂಡತಿಯ ಹಾಸಿಗೆಯ ಮೇಲೆ ಕೂರುವುದು ಆ ಮನೆಯ ರಿವಾಜಿನಲ್ಲಿ ಇರಲಿಲ್ಲ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು.

"ಗಂಗಮ್ಮ, ನಂದು ತಪ್ಪಾಯ್ತು. ಈ ವರ್ಸ ನಮ್ಮನೆ ಆರತಿನ ಇನ್ನೊಬ್ರ ತಲೆ ಮ್ಯಾಲೆ ಇಕ್ಕಲ್ಲ. ಗಂಡುಸ್ರು ಹೊರೋ ಪದ್ಧತಿ ಇಲ್ದಿದ್ರೂ ಸರಿ, ಊರೋರು ನಗಾಡಿದ್ರೂ ಸರಿ. ನಿನ್ ಬದ್ಲು ನಾನೇ ಹೊತ್ಕಂಡು ಹೋಯ್ತೀನಿ."

ಗಂಗಕ್ಕ ಆ ಹಳದಿ ಕಣ್ಣುಗಳನ್ನು ಬಾವನ ಕಡೆ ತಿರುಗಿಸಿದಳು.

"ಬ್ಯಾಡಿ ಬಾವ" ಎಂದಳು. "ನೀವು ಕುಡೀತೀರ."